ಹಳೆಯ ಮಸೂರವು ಕಂಡದ್ದು

ಹಾನಗಲ್ಲಿನಲ್ಲಿರುವ ನಮ್ಮ ಹಿರಿಯರ ಮನೆಯ ಪಡಸಾಲೆಯಲ್ಲಿ, ಬಾಗಿಲಿನ ಎಡಗಡೆಗೆ, ಕಟ್ಟು ಹಾಕಿಸಿದ ಒಂದು ಛಾಯಾಚಿತ್ರವು ತೂಗುತ್ತಿದೆ. ೧೯೧೭ನೆಯ ಇಸವಿಯಲ್ಲಿ ಊರೂರು ತಿರುಗುತ್ತಿದ್ದ ಒಬ್ಬ ಛಾಯಾಗ್ರಾಹಕನು ಅದನ್ನು ನಮ್ಮ ಮನೆಯ ಪಡಸಾಲೆಯಲ್ಲಿಯೇ ತೆಗೆದನೆಂದು ಮನೆಯವರು ಹೇಳುವರು. ಸುಣ್ಣ ಬಳಿದ ಗೋಡೆಯ ಮುಂದೆ ಜಮಖಾನೆಯನ್ನು ಹಾಸಿ, ಆರು ಮಂದಿಯನ್ನು ನೂಲು ಹಿಡಿದಂತೆ ನೇರವಾದ ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ನಡುವೆ ನನ್ನ ಮುತ್ತಜ್ಜಿ. ಆಕೆಯ ತೊಡೆಯ ಮೇಲೆ ನಾಲ್ಕು ವರ್ಷದ ನನ್ನ ಅಜ್ಜ. ಅಜ್ಜನ ಅಂಗಿಯ ಗುಂಡಿಗಳನ್ನು ಇಂದಿಗೂ ಎಣಿಸಬಹುದು. ಸಾಲಿನ ಬಲತುದಿಯಲ್ಲಿ ನಿಂತವಳು ಅಜ್ಜನ ಅಕ್ಕ, ಒಂಬತ್ತು ವರ್ಷದ ಹುಡುಗಿ. ಆಕೆಗೆ ಮುಖವೇ ಇಲ್ಲ. ಮುಖವಿರಬೇಕಾದ ಸ್ಥಳದಲ್ಲಿ ಒದ್ದೆ ಬೆರಳಿನಿಂದ ತೀಡಿದಂತಹ ಒಂದು ಬೂದುಬಣ್ಣದ ಕಲೆ ಮಾತ್ರವಿದೆ.

ಮರುವರ್ಷ, ಅಂದರೆ ೧೯೧೮ರಲ್ಲಿ, ಮುಂಬಯಿ ಇಲಾಖೆಯನ್ನೆಲ್ಲ ಬಡಿದ ಇನ್‌ಫ್ಲುಯೆಂಜಾ ಜ್ವರದಲ್ಲಿ ಆ ಹುಡುಗಿ ತೀರಿಕೊಂಡಳು. ಆಕೆಯ ಬೇರೊಂದು ಚಿತ್ರವಿಲ್ಲ. ಮನೆಯಲ್ಲಿ ಆಕೆಯ ಬಗೆಗೆ ಉಳಿದಿರುವ ಮಾತೂ ಒಂದೇ. ಅದನ್ನು ನನ್ನ ಸೋದರತ್ತೆಯವರು ಹೇಳುತ್ತಿದ್ದರು: “ನಿಂತಲ್ಲಿ ನಿಲ್ಲಾಕೀನ ಅಲ್ಲಂತ ಆಕಿ. ಫೋಟೋದವ ಎಷ್ಟ ಹೇಳಿದ್ರೂ ಕೇಳಲಿಲ್ಲಂತ. ಅದಕ್ಕ ಮಾರಿ ಬಂದಿಲ್ಲ ನೋಡು.” ಊಟಕ್ಕೆ ಕುಳಿತಲ್ಲಿ ಮಿಸುಕಾಡುವ ಮಕ್ಕಳಿಗೆ ನಮ್ಮ ಮನೆಯಲ್ಲಿ ಈ ಚಿತ್ರವನ್ನು ತೋರಿಸಿ ಬುದ್ಧಿ ಹೇಳುವ ರೂಢಿಯುಂಟು. ನನಗೂ ಹೇಳಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳುವ ನಾನು, ಚಲಿಸುವ ವಸ್ತುವಿನ ಬಿಂಬವು ಹೇಗೆ ಕದಡುವುದೆಂಬುದಕ್ಕೆ ನಮ್ಮ ಮನೆಯ ಈ ಚಿತ್ರವನ್ನೇ ಹತ್ತು ಹನ್ನೆರಡು ವರ್ಷ ಉದಾಹರಣೆಯಾಗಿ ಕೊಡುತ್ತ ಬಂದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಈ ನಂಬಿಕೆಯಲ್ಲಿ ಸಂಶಯವನ್ನು ಹುಟ್ಟಿಸಿದ್ದು ಒಂದು ಹಿತ್ತಾಳೆಯ ಕೊಳವೆ. ಹುಬ್ಬಳ್ಳಿಯಲ್ಲಿ ಎರಡು ತಲೆಮಾರು ನಡೆದ ಒಂದು ಸ್ಟುಡಿಯೊ ಬಾಗಿಲು ಹಾಕುತ್ತಿದ್ದಾಗ, ಅಲ್ಲಿಯ ಸಾಮಾನುಗಳ ನಡುವೆ ಅದು ನನ್ನ ಕಣ್ಣಿಗೆ ಬಿತ್ತು. ಬಿಲ್ಲಿನ ಪುಸ್ತಕಗಳು ಗಾಳಿಗೆ ಹಾರದಂತೆ ಅದನ್ನು ಭಾರಕ್ಕೆ ಇಟ್ಟಿದ್ದರು. ಕೈಗೆತ್ತಿಕೊಂಡರೆ ಅಡಕೆ ಕುಟ್ಟುವ ಕಲ್ಲಿನಷ್ಟು ತೂಕ. ಎರಡು ತುದಿಗೂ ಗಾಜು. ಮಾಡಿದವರ ಹೆಸರು ಎಲ್ಲಿಯೂ ಇರಲಿಲ್ಲ. ಅದು ಹಿಂದಿನ ಕಾಲದ ದೊಡ್ಡ ಕ್ಯಾಮೆರಾದ ಮಸೂರವೆಂಬುದು ಸ್ಪಷ್ಟವಾಗಿದ್ದುದರಿಂದ, ಅದರ ಜೊತೆಯಲ್ಲಿಯೇ ಮೂಲೆಯಲ್ಲಿ ಬಿದ್ದಿದ್ದ ಒಂದು ಮರದ ಕ್ಯಾಮೆರಾವನ್ನೂ ಸೇರಿಸಿ ಕೊಂಡುತಂದೆನು.

ಮಸೂರವೆಂಬ ಶಬ್ದದ ಬಗೆಗೆ ಒಂದು ಮಾತು. ನಮ್ಮ ಹಳೆಯ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ಯವಕಾಚವೆಂದು ಹೆಸರಿದ್ದಿತು. ಜವೆಯ ಕಾಳಿನ ಆಕಾರದ ಗಾಜು ಎಂದು ಅದರ ಅರ್ಥ. ಆಮೇಲೆ ಬಂದ ಮಸೂರವು ನಾವು ಚನ್ನಂಗಿ ಬೇಳೆಯೆನ್ನುವ ಧಾನ್ಯದ ಹೆಸರು. ಲೆನ್ಸ್ ಎಂಬ ಶಬ್ದವಾದರೂ ಲ್ಯಾಟಿನ್ ಭಾಷೆಯಲ್ಲಿ ಅದೇ ಬೇಳೆಯ ಹೆಸರೇ ಆಗಿದೆ. ಬೆಳಕನ್ನು ಬಾಗಿಸುವ ಗಾಜಿಗೆ ಹೆಸರಿಡಬೇಕಾದಾಗ ಎಲ್ಲರೂ ಅಡಿಗೆಮನೆಗೇ ಹೋದಂತೆ ತೋರುವುದು.

೧೮೩೯ರಲ್ಲಿ ಪ್ಯಾರಿಸಿನ ದಾಗೆರನು ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಅವನ ಕ್ಯಾಮೆರಾದಲ್ಲಿದ್ದುದು ಒಂದಕ್ಕೊಂದು ಅಂಟಿಸಿದ ಎರಡು ಗಾಜುಗಳ ಸರಳವಾದ ಮಸೂರ. ಅದು ಒಳಗೆ ಬಿಡುತ್ತಿದ್ದ ಬೆಳಕು ಬಹಳ ಕಡಮೆ. ಕಟ್ಟಡಗಳು ಕಾಯಬಲ್ಲವು, ಮನುಷ್ಯರು ನಿಮಿಷಗಟ್ಟಲೆ ರೆಪ್ಪೆ ಮಿಟುಕಿಸದೆ ಕುಳಿತಿರಲಾರರು. ಮರುವರ್ಷವೇ, ೧೮೪೦ರಲ್ಲಿ, ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲನು ಈ ಕಷ್ಟಕ್ಕೆ ಲೆಕ್ಕದಿಂದ ಪರಿಹಾರವನ್ನು ಕಂಡುಹಿಡಿದನು. ಲೆಕ್ಕ ಬಲ್ಲ ಫಿರಂಗಿ ದಳದ ಸಿಪಾಯಿಗಳನ್ನು ಅವನ ಸಹಾಯಕ್ಕೆ ಕೊಟ್ಟಿದ್ದರೆಂದು ಹೇಳುವರು. ಅವನ ಮಸೂರದಲ್ಲಿ ನಾಲ್ಕು ಗಾಜುಗಳು: ಮುಂದೆ ಅಂಟಿಸಿದ ಒಂದು ಜೋಡಿ, ಹಿಂದೆ ನಡುವೆ ಗಾಳಿಯ ತೆರಪನ್ನು ಬಿಟ್ಟ ಇನ್ನೊಂದು ಜೋಡಿ. ಅದನ್ನು ಫೋಯ್ಗ್ಟ್‌ಲೆಂಡರ್ ಎಂಬವನು ತಯಾರಿಸಿದನು. ಹಿಂದಿನದಕ್ಕಿಂತ ಸುಮಾರು ಹದಿನಾರು ಪಟ್ಟು ಬೆಳಕನ್ನು ಅದು ಒಳಗೆ ಬಿಡುತ್ತಿದ್ದಿತು. ನಿಮಿಷಗಳ ಮಾತು ಸೆಕೆಂಡುಗಳಿಗೆ ಇಳಿಯಿತು. ಮನುಷ್ಯರ ಮುಖವನ್ನು ತೆಗೆಯುವ ಉದ್ಯೋಗವು ಅಲ್ಲಿಂದ ಮುಂದೆ ಬೆಳೆಯಿತು. ಈ ಮಾದರಿಯನ್ನು ಯೂರೋಪಿನ ಮಸೂರಗಾರರೆಲ್ಲರೂ ನಕಲು ಮಾಡಿದರು. ಮುಖಚಿತ್ರದ ಮಸೂರವೆಂದರೆ ಬಹುಕಾಲದವರೆಗೆ ಇದೇ.

ನನ್ನ ಕೈಗೆ ಬಂದದ್ದು ಯಾವ ಜಾತಿಯದೆಂಬುದನ್ನು ತಿಳಿಯಲು ಅದನ್ನು ಬಿಚ್ಚಬೇಕಾದ ಅಗತ್ಯವಿರಲಿಲ್ಲ. ಕತ್ತಲೆಯಲ್ಲಿ ದೀಪದ ಎದುರಿಗೆ ಹಿಡಿದು ಓರೆಯಾಗಿ ನೋಡಿದರೆ ಗಾಜಿನ ಒಂದೊಂದು ಮೈಯಿಂದಲೂ ದೀಪದ ಒಂದೊಂದು ಪ್ರತಿಬಿಂಬವು ಕಾಣುವುದು. ಗಾಳಿಗೆ ತಾಗಿದ ಮೈಯದು ಪ್ರಕಾಶವಾಗಿಯೂ, ಅಂಟಿಸಿದ ಸಂದಿನದು ಮಂಕಾಗಿಯೂ ಇರುವುವು. ಮುಂದಿನ ಭಾಗದಲ್ಲಿ ಎರಡು ಪ್ರಕಾಶವಾದವು, ಒಂದು ಮಂಕಾದುದು. ಹಿಂದಿನ ಭಾಗದಲ್ಲಿ ನಾಲ್ಕು ಪ್ರಕಾಶವಾದವು. ಇದು ಪೆಟ್ಸ್‌ವಾಲನ ಮಾದರಿಯೆಂಬುದಕ್ಕೆ ಇಷ್ಟು ಸಾಕು. ಇಷ್ಟಾದರೂ ನಾನು ಬಿಚ್ಚಿದೆನು. ಒಳಗಿನ ಧೂಳನ್ನು ಒರಸುವ ಉತ್ಸಾಹದಲ್ಲಿ ಹಿಂದಿನ ಜೋಡಿಯ ಒಂದು ಗಾಜನ್ನು ಮರಳಿ ಕೂರಿಸುವಾಗ ತಿರುವುಮುರುವಾಗಿ ಕೂರಿಸಿದೆನು. ಎರಡು ತಿಂಗಳವರೆಗೆ ಎಲ್ಲ ಚಿತ್ರಗಳೂ ಮಂಜಿನಲ್ಲಿ ಮುಳುಗಿದಂತೆ ಬರುತ್ತಿದ್ದುದಕ್ಕೆ ಮಸೂರವನ್ನು ಬೈಯುತ್ತಿದ್ದೆನು. ಹಳೆಯ ಮಸೂರವನ್ನು ಕೊಳ್ಳುವವರು ಬಿಚ್ಚುವ ಮೊದಲು ಪ್ರತಿಯೊಂದು ಗಾಜಿನ ಅಂಚಿನಲ್ಲಿಯೂ ಪೆನ್ಸಿಲ್ಲಿನಿಂದ ಒಂದು ಬಾಣದ ಗುರುತನ್ನು ಹಾಕಿಕೊಳ್ಳತಕ್ಕದ್ದು. ಗಾಜಿನ ಮೇಲೆ ನೀಲಿಯೋ ನೇರಳೆಯೋ ಆದ ಮಾಸಲು ಹೊಳಪು ಕಂಡರೆ ಅದನ್ನು ಉಜ್ಜಿ ತೆಗೆಯಲೂ ಬಾರದು. ಕಾಲ ಕಳೆದಂತೆ ಗಾಜಿನ ಮೇಲೆ ಕೂರುವ ಆ ತೆಳುಪೊರೆಯು ಬೆಳಕನ್ನು ತಡೆಯುವುದಿಲ್ಲ, ಹೆಚ್ಚಾಗಿಯೇ ಬಿಡುವುದು. ಇದನ್ನು ಇಂಗ್ಲೆಂಡಿನ ಡೆನ್ನಿಸ್ ಟೇಲರನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಗಮನಿಸಿದ್ದನು. ಇಂದಿನ ಮಸೂರಗಳಿಗೆ ಕಾರಖಾನೆಯಲ್ಲಿಯೇ ಪೊರೆಯನ್ನು ಹಚ್ಚುವುದು ಇದೇ ಕಾರಣಕ್ಕಾಗಿ.

ಮಸೂರದ ಸಂಗಮದೂರವನ್ನು ಅಳೆಯುವುದು ಸುಲಭ. ಉರಿಯುವ ದೀಪವೊಂದರ ಬಿಂಬವು ದೀಪದಷ್ಟೇ ದೊಡ್ಡದಾಗಿ ಬೀಳುವಂತೆ ಹಿಂದುಮುಂದು ಸರಿಸಿ, ದೀಪಕ್ಕೂ ಬಿಂಬಕ್ಕೂ ನಡುವಣ ದೂರವನ್ನು ನಾಲ್ಕರಿಂದ ಭಾಗಿಸಬೇಕು. ನನ್ನದು ೯೬ ಸೆಂಟಿಮೀಟರು ಬಂದಿತು. ಎಂದರೆ ಸಂಗಮದೂರವು ಸುಮಾರು ೨೪. ಮುಂದಿನ ಗಾಜಿನ ಅಗಲ ೬.೫. ಇಪ್ಪತ್ತನಾಲ್ಕನ್ನು ಆರೂವರೆಯಿಂದ ಭಾಗಿಸಿದರೆ ೩.೭, ಛಾಯಾಗ್ರಾಹಕರು ಎಫ್ ೩.೭ ಎನ್ನುವುದು ಇದನ್ನೇ. ಈ ಸಂಖ್ಯೆಯು ಸಣ್ಣದಾದಷ್ಟೂ ಮಸೂರವು ಬೆಳಕಿಗೆ ಧಾರಾಳಿ.

ಕ್ಯಾಮೆರಾವಾದರೋ ಅರೆ ಪ್ಲೇಟಿನದು. ೪ ಮುಕ್ಕಾಲು ಅಂಗುಲ ಅಗಲ, ೬ ಅರೆ ಅಂಗುಲ ಉದ್ದದ ಚಿತ್ರವನ್ನು ಕೊಡುವುದು. ಮುಂದೆ ಮಸೂರದ ಹಲಗೆ, ಹಿಂದೆ ಮಬ್ಬುಗಾಜು, ಎರಡರ ನಡುವೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ನಮ್ಮ ಊರಿನ ಬಡಿಗೇರರು ಸಾಗವಾನಿಯಲ್ಲಿ ಹೊಸ ಹಲಗೆಯನ್ನು ಮಾಡಿಕೊಟ್ಟರು. ತಿದಿಯ ತೂತುಗಳಿಗೆ ಕರಿಯ ಬಟ್ಟೆಯ ತೇಪೆಗಳನ್ನು ನಾನೇ ಹಾಕಿದೆನು. ತಲೆಯ ಮೇಲೆ ಕರಿಯ ಕಂಬಳಿಯನ್ನು ಹೊದ್ದುಕೊಂಡು ಮಬ್ಬುಗಾಜನ್ನು ನೋಡಿದರೆ ಎದುರಿಗಿರುವುದೆಲ್ಲವೂ ತಲೆಕೆಳಗಾಗಿ, ಬಣ್ಣಬಣ್ಣವಾಗಿ ಕಾಣುವುದು. ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರಗಳನ್ನು ತೆಗೆಯುವ ನನ್ನ ವಿದ್ಯಾರ್ಥಿಗಳು ಆ ಕಂಬಳಿಯೊಳಗಿಂದ ಬೇಗನೆ ಹೊರಕ್ಕೆ ಬರುವುದಿಲ್ಲ.

ದೊಡ್ಡ ಅಳತೆಯ ಫಿಲ್ಮು ಹೊರದೇಶದಿಂದ ಬರಬೇಕು. ಒಂದೊಂದು ಹಾಳೆಯ ಬೆಲೆಯೂ ಅಧ್ಯಾಪಕನ ಕೈಯನ್ನು ಸುಡುವಂಥದು. ಆದಕಾರಣ ಮೊದಲಿನ ಪ್ರಯೋಗಗಳನ್ನೆಲ್ಲ ಬ್ರೋಮೈಡ್ ಕಾಗದವನ್ನೇ ನೆಗೆಟಿವಾಗಿ ಬಳಸಿ ಮಾಡಿದೆನು. ಆಮೇಲೆ ಆಸ್ಪತ್ರೆಗಳಲ್ಲಿ ಬಳಸುವ ಕ್ಷ-ಕಿರಣದ ಫಿಲ್ಮನ್ನು ತಂದು ಕೆಂಪು ದೀಪದಲ್ಲಿ ಕತ್ತರಿಸಿಕೊಂಡೆನು. ೮ ಅಂಗುಲಕ್ಕೆ ೧೦ ಅಂಗುಲದ ಒಂದು ಹಾಳೆಯಲ್ಲಿ ಅರೆ ಪ್ಲೇಟಿನ ಎರಡು ತುಂಡುಗಳು ದೊರೆಯುವುವು. ಈ ಫಿಲ್ಮಿಗೆ ಎರಡು ಮೈಗೂ ಔಷಧದ ಲೇಪವಿರುವುದರಿಂದ ತಟ್ಟೆಯ ತಳಕ್ಕೆ ತಾಗಿದರೆ ಸಾಕು, ಗೀರು ಬೀಳುವುದು. ಕಾಗದಕ್ಕೆ ಆ ಕಷ್ಟವಿಲ್ಲ. ಅದರ ಕಷ್ಟವೇನೆಂದರೆ ಅದು ಬಹಳ ನಿಧಾನಿ. ಅಲ್ಲದೆ ಬ್ರೋಮೈಡ್ ಕಾಗದಕ್ಕೆ ನೀಲಿ ನೇರಳೆಗಳ ಹೊರತು ಬೇರೆ ಬಣ್ಣಗಳು ಕಾಣುವುದೇ ಇಲ್ಲವೆನ್ನಬಹುದು. ಹಣೆಯ ಕುಂಕುಮ ಕಪ್ಪಾಗುವುದು. ಇಳಕಲ್ಲ ಸೀರೆಯ ಕೆಂಪು ಸೆರಗು ಇದ್ದಿಲಾಗುವುದು. ಮಳೆಗಾಲದ ಮುಗಿಲೂ ತಿಳಿಯಾದ ಆಕಾಶವೂ ಒಂದೇ ಬಿಳುಪಾಗುವುವು. ಆ ಕಾಲದ ಸಾಮಾನ್ಯ ಗಾಜಿನ ಪ್ಲೇಟುಗಳದೂ ಇದೇ ಸ್ವಭಾವವಾಗಿದ್ದಿತು. ನಮ್ಮ ಮುತ್ತಜ್ಜಿ ಉಟ್ಟದ್ದು ಚಂದ್ರಕಾಳಿಯೋ ಕೆಂಪು ಸೀರೆಯೋ ಎಂದು ಮನೆಯ ಹೆಂಗಸರು ವಾದಿಸಿದಾಗಲೆಲ್ಲ ನಾನು ಸುಮ್ಮನಿರುವುದು ಇದಕ್ಕಾಗಿ.

ಇನ್ನು ಪ್ರಯೋಗದ ಮಾತು. ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ಬಲ್ಲವರಿಗೆ ಅದರ ಸಭಾಮಂಟಪದ ಭುವನೇಶ್ವರಿಯನ್ನು ವರ್ಣಿಸಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಶಿಲ್ಪಿಗಳು ಕಲ್ಲಿನ ಬಳೆಗಳನ್ನು ಒಂದರ ಮೇಲೊಂದು, ಮೇಲಿನದು ಕೆಳಗಿನದಕ್ಕಿಂತ ಕಿರಿದಾಗುವಂತೆ ಏರಿಸುತ್ತ ಹೋಗಿ, ನಡುವಿನಿಂದ ಒಂದು ದೊಡ್ಡ ಪದ್ಮವನ್ನು ಇಳಿಬಿಟ್ಟಿದ್ದಾರೆ. ಹೆನ್ರಿ ಕಸಿನ್ಸನು ೧೯೨೬ರಲ್ಲಿ ಅಚ್ಚಾದ ತನ್ನ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಈ ಗುಡಿಗೆ ಸ್ಥಳವನ್ನು ಕೊಟ್ಟಿದ್ದಾನೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಪಡೆದು, ಒಂದು ಮುಂಜಾನೆ ನಾನೂ ಇಬ್ಬರು ವಿದ್ಯಾರ್ಥಿಗಳೂ ಕ್ಯಾಮೆರಾವನ್ನು ಅಲ್ಲಿಗೆ ಹೊತ್ತುಕೊಂಡು ಹೋದೆವು. ಎರಡು ಸ್ಟೂಲುಗಳ ನಡುವೆ ಅದನ್ನು ಮೇಲ್ಮೊಗವಾಗಿ ಇಟ್ಟು, ನೆಲದ ಮೇಲೆ ಅಂಗಾತ ಮಲಗಿ ಮಬ್ಬುಗಾಜನ್ನು ನೋಡಿದೆನು.

ನನ್ನ ನಿರೀಕ್ಷೆ ಇಂತಿದ್ದಿತು. ಕಾಲೇಜಿನ ಗೋಡೆಯನ್ನು ಇದೇ ಮಸೂರದಿಂದ ತೆಗೆದಾಗ ನಡುವಿನ ಇಟ್ಟಿಗೆಗಳು ಕೆತ್ತಿದಂತೆ ಬಂದು, ಅಂಚಿನ ಇಟ್ಟಿಗೆಗಳು ಸುಳಿಗೆ ಸಿಕ್ಕಿದ ಎಲೆಗಳಂತೆ ಸುತ್ತಿ ಕಲಸಿಹೋಗಿದ್ದುವು. ಪೂರ್ತಿ ತೆರೆದ ಮಸೂರದಲ್ಲಿ ಹೀಗಾಗುವುದು ಎಲ್ಲರೂ ಬಲ್ಲ ಸಂಗತಿ. ಈಗಿನ ಕೆಲವು ಛಾಯಾಗ್ರಾಹಕರು ಆ ಸುಳಿಗಾಗಿಯೇ ಇಂತಹ ಮಸೂರಗಳನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವುದೂ ಉಂಟು. (ಒಂದೆರಡು ಚಿತ್ರಗಳಲ್ಲಿ ಅದು ಸೊಗಸಾಗಿ ಕಾಣುವುದು, ಹತ್ತರಲ್ಲಿ ಬೇಸರ.) ಭುವನೇಶ್ವರಿಯಲ್ಲಿಯೂ ನಡುವಿನ ಪದ್ಮವಷ್ಟೇ ಸ್ಪಷ್ಟವಾಗಿ, ಸುತ್ತಲಿನ ಬಳೆಗಳು ಕಲಸಿಹೋಗುವುವೆಂದು ನಾನು ತಿಳಿದಿದ್ದೆನು. ನಡೆದದ್ದು ಬೇರೆ. ನಡುವಿನ ಬಳೆಗೆ ಸಂಗಮವನ್ನು ಹೊಂದಿಸಿದಾಗ ಅದರಾಚೆಯ ಬಳೆಯೂ, ಅದರಾಚೆಯದೂ, ಮಬ್ಬುಗಾಜಿನ ಅಂಚಿನವರೆಗೆ ತಕ್ಕಮಟ್ಟಿಗೆ ಸ್ಪಷ್ಟವಾಗಿಯೇ ನಿಂತುವು. ಮಸುಕಾದುದು ಕೆಳಕ್ಕೆ ಇಳಿಬಿದ್ದ ಪದ್ಮದ ತುದಿಯೊಂದೇ. ಮೂವತ್ತು ಸೆಕೆಂಡು ಮುಚ್ಚಳವನ್ನು ತೆಗೆದಿಟ್ಟು ಕಾಗದದ ಮೇಲೆ ಚಿತ್ರವನ್ನು ಹಿಡಿದೆನು. ಸಂಜೆ ಕತ್ತಲೆಕೋಣೆಯ ತಟ್ಟೆಯಲ್ಲಿ ಅದು ಮೂಡಿದಾಗಲೂ ಹಾಗೆಯೇ ಇದ್ದಿತು. ಗೋಡೆಯ ಇಟ್ಟಿಗೆಯನ್ನು ನೆಟ್ಟಗೆ ನೋಡಲಾರದ ಗಾಜು ಎಂಟುನೂರು ವರ್ಷದ ಕಲ್ಲಿನ ಗುಮ್ಮಟವನ್ನು ಹೇಗೆ ನೋಡಿತು?

ಇದರ ಕಾರಣವನ್ನು ಕೇಳುವವರು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ತಿಳಿಯಬಹುದು. ಹಿರಿಯರು ಪಂಚಾಂಗವನ್ನು ಓದುವ ಭೂತಗನ್ನಡಿಯೊಂದಿದ್ದರೆ ಸಾಕು. ಹಗಲಿನಲ್ಲಿ, ಕಿಟಕಿಯ ಎದುರಿನ ಗೋಡೆಯ ಬಳಿ ಬಿಳಿಯ ಕಾಗದವನ್ನು ಹಿಡಿದು, ಅದರ ಮುಂದೆ ಭೂತಗನ್ನಡಿಯನ್ನು ಹಿಂದುಮುಂದು ಸರಿಸಿದರೆ ಕಿಟಕಿಯ ಸಣ್ಣ ಬಿಂಬವು ತಲೆಕೆಳಗಾಗಿ ಕಾಗದದ ಮೇಲೆ ಬೀಳುವುದು. ಕಿಟಕಿಯ ನಡುವಿನ ಸರಳುಗಳು ತಿಳಿಯಾಗಿ ಕಂಡಾಗ ಅಂಚಿನವು ಮಸುಕಾಗಿರುವುವು. ಈಗ ಕಾಗದವನ್ನು ಗಾಜಿನ ಕಡೆಗೆ ಕೊಂಚವೇ ಸರಿಸಿರಿ: ಅಂಚಿನ ಸರಳುಗಳು ತಿಳಿಯಾಗುವುವು, ನಡುವಿನವು ಮಸುಕಾಗುವುವು. ಎಂದರೆ ಅಂಚಿನ ಬಿಂಬವು ಗಾಜಿಗೆ ಹತ್ತಿರವಾಗಿಯೂ ನಡುವಿನದು ದೂರವಾಗಿಯೂ ಬೀಳುತ್ತಿದೆ. ಚಪ್ಪಟೆಯಾದ ಕಿಟಕಿಯ ಬಿಂಬವು ಚಪ್ಪಟೆಯಾಗಿಲ್ಲ. ಗಾಜಿನ ಕಡೆಗೆ ಬಾಯಿ ಮಾಡಿದ ಬೋಗುಣಿಯ ಒಳಮೈಯಂತೆ ಬಾಗಿದೆ. ಈ ಬಾಗುವಿಕೆಯನ್ನು ಲೆಕ್ಕಕ್ಕೆ ತಂದವರಲ್ಲಿ ಒಬ್ಬನು ಅದೇ ಪೆಟ್ಸ್‌ವಾಲನು; ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಆದರೂ ತನ್ನ ಮಸೂರದಲ್ಲಿ ಅವನು ಅದನ್ನು ಪೂರ್ತಿಯಾಗಿ ತೊಡೆಯಲಿಲ್ಲ. ಒಬ್ಬನೇ ಮನುಷ್ಯನನ್ನು ಚಿತ್ರದ ನಡುವೆ ಕೂರಿಸಿ ಮುಖವನ್ನು ತೆಗೆಯಲು ಅದರ ಅಗತ್ಯವಿರಲಿಲ್ಲ. ಆಗ ಬೇಕಾಗಿದ್ದುದು ಬೆಳಕು. ಬಾಗನ್ನು ಚಪ್ಪಟೆ ಮಾಡಲು ಬೇಕಾದ ಹೊಸ ಬಗೆಯ ಗಾಜುಗಳು ಜರ್ಮನಿಯ ಯೇನಾ ನಗರದಲ್ಲಿ ೧೮೮೦ರ ದಶಕದಲ್ಲಿ ತಯಾರಾದುವು. ೧೮೯೦ರಲ್ಲಿ ಟ್ಸೈಸ್ ಕಾರಖಾನೆಯ ಪೌಲ್ ರುಡಾಲ್ಫನು ಅವುಗಳಿಂದ ಅಂಚಿನವರೆಗೆ ಸಮನಾಗಿ ಕಾಣುವ ಮಸೂರವನ್ನು ಮಾಡಿದನು.

ಈಗ ಲೆಕ್ಕವನ್ನು ತಿರುಗಿಸಿ ನೋಡಬೇಕು. ಪ್ಲೇಟು ಚಪ್ಪಟೆಯಾಗಿಯೇ ಇರುವುದೆಂದು ಇಟ್ಟುಕೊಂಡರೆ, ಅದರ ಮೇಲೆ ಎಲ್ಲವೂ ತಿಳಿಯಾಗಿ ಬೀಳಬೇಕಾದರೆ ಎದುರಿಗಿರುವ ವಸ್ತುವೇ ಬಾಗಿರಬೇಕು. ಅದರ ಅಂಚುಗಳು ಕ್ಯಾಮೆರಾದ ಕಡೆಗೆ ಮುಂದೆ ಬಂದಿರಬೇಕು. ಭುವನೇಶ್ವರಿಯು ಆಗಿರುವುದು ಹೀಗೆಯೇ. ನಡುವೆ ಎತ್ತರ, ಸುತ್ತಲೂ ತಗ್ಗು. ಕೆಳಗೆ ಮಲಗಿ ನೋಡುವವನಿಗೆ ಅಂಚಿನ ಬಳೆಗಳೇ ಹತ್ತಿರ. ಹಳೆಯ ಮಸೂರಕ್ಕೆ ಕಾಣುವ ಲೋಕ ಬೋಗುಣಿಯ ಆಕಾರದ್ದು. ಹಾನಗಲ್ಲಿನ ಶಿಲ್ಪಿಗಳು ಕಲ್ಲಿನಲ್ಲಿ ಕವಿಚಿಟ್ಟದ್ದೂ ಒಂದು ಬೋಗುಣಿಯನ್ನೇ. ಇವೆರಡೂ ಒಂದಕ್ಕೊಂದು ಹೊಂದಿದುದು ಆಕಸ್ಮಿಕವೇ ಸರಿ. ಆದರೆ ಆ ಹೊತ್ತು ನೆಲದ ಮೇಲೆ ಮಲಗಿದ್ದ ನನಗೆ ಹಾಗೆ ತೋರಲಿಲ್ಲ.

ಅದೇ ದಿನ ಇನ್ನೊಂದನ್ನೂ ಕಂಡೆವು. ಮಸೂರದ ಕೊಳವೆಯ ನಡುವೆ ಒಂದು ಸೀಳಿದೆ. ನಡುವೆ ತೂತಿರುವ ತಗಡನ್ನು ಅದರಲ್ಲಿ ಇಳಿಸಿ ಬೆಳಕನ್ನು ಕಡಮೆ ಮಾಡಬಹುದು. ೧೮೫೮ರಲ್ಲಿ ಜಾನ್ ವಾಟರ್‌ಹೌಸನು ಸೂಚಿಸಿದ ಉಪಾಯವಿದು. ತಗಡುಗಳು ಕಳೆದುಹೋಗಿದ್ದುದರಿಂದ ಕರಿಯ ರಟ್ಟಿನಲ್ಲಿ ೧೫ ಮಿಲ್ಲಿಮೀಟರಿನ ತೂತನ್ನು ಕೊರೆದು ಇಳಿಸಿದೆನು. ಎಫ್ ೧೬ ಆಯಿತು. ತೂತು ಕಿರಿದಾದಂತೆ ಬಾಗುವಿಕೆಯ ದೋಷವು ಮರೆಯಾಗಿ ಅಂಚುಗಳೂ ತಿಳಿಯಾಗುವುವು. ಅದರ ಬೆಲೆಯನ್ನು ಸಮಯದಲ್ಲಿ ಕೊಡಬೇಕು. ಕಾಗದಕ್ಕೆ ಒಂಬತ್ತು ನಿಮಿಷ ಹಿಡಿಯಿತು. (ಆಮೇಲೆ ಕ್ಷ-ಕಿರಣದ ಫಿಲ್ಮಿಗೆ ಇದೇ ನೋಟವು ಒಂದು ನಿಮಿಷದೊಳಗೆ ಸಿಕ್ಕಿತು.) ಮಂಟಪದ ಉದ್ದಗಲವನ್ನು ಓರೆಯಾಗಿ ಹಿಡಿದ ಆ ಒಂಬತ್ತು ನಿಮಿಷಗಳಲ್ಲಿ ಹತ್ತು ಹದಿನೈದು ಮಂದಿ ಕ್ಯಾಮೆರಾದ ಮುಂದೆಯೇ ಹಾದುಹೋದರು. ಒಬ್ಬ ತಾಯಿ ಮಗುವಿನೊಡನೆ ಕಂಬವನ್ನು ಒರಗಿ ಒಂದೆರಡು ಕ್ಷಣ ನಿಂತಳು. ಚಿತ್ರದಲ್ಲಿ ಒಬ್ಬರೂ ಇಲ್ಲ. ನೂರು ವರ್ಷಗಳಿಂದ ಕಾಲಿಡುವವರಿಲ್ಲದ ಗುಡಿಯಂತೆ ಅದು ಕಾಣುತ್ತದೆ.

ನಮ್ಮ ನಾಡಿನ ಅತಿ ಹಳೆಯ ಛಾಯಾಚಿತ್ರಗಳನ್ನು ನೋಡುವಾಗ ಇದು ನೆನಪಿನಲ್ಲಿರಬೇಕು. ೧೮೫೪ರ ಕೊನೆಯಲ್ಲಿ ಲಿನಿಯಸ್ ಟ್ರೈಪನು ಹಳೇಬೀಡು ಬೇಲೂರುಗಳಿಗೆ ಬಂದನು. ೧೮೫೬ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಹಂಪಿಯ ಅವಶೇಷಗಳನ್ನು ತೆಗೆದನು. ಇಬ್ಬರೂ ಬಳಸಿದ್ದು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳನ್ನು. ಧಾರವಾಡ ಮೈಸೂರು ಸೀಮೆಗಳ ಶಿಲ್ಪಗಳನ್ನು ಕುರಿತು ೧೮೬೬ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಗ್ರಂಥಕ್ಕೆ ಬಿಗ್ಸ್, ಪಿಗೂ, ನೀಲ್ ಎಂಬವರು ತೆಗೆದ ಚಿತ್ರಗಳೇ ಆಧಾರ. ಮೆಡೋಸ್ ಟೇಲರನೂ ಫರ್ಗ್ಯುಸನನೂ ಅದಕ್ಕೆ ವಿವರಣೆಗಳನ್ನು ಬರೆದರು. ಈ ಕಾಲದ ಚಿತ್ರಗಳಲ್ಲಿ ಸ್ಥಳಗಳು ಬಹುಮಟ್ಟಿಗೆ ಜನಶೂನ್ಯವಾಗಿ ಕಾಣುವುದನ್ನು ಕಂಡು, ಆಗ ಅಲ್ಲಿ ಜನವೇ ಇರಲಿಲ್ಲವೆಂದು ತೀರ್ಮಾನಿಸುವುದು ಆತುರವಾದೀತು. ಕಲ್ಲಿನ ವಿಷಯದಲ್ಲಿ ಅವು ಒಳ್ಳೆಯ ಸಾಕ್ಷಿಗಳು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಹಂಪಿಯನ್ನು ಮತ್ತೆ ತೆಗೆದಾಗ, ಯಾವ ಕಲ್ಲು ಉಳಿದಿದೆ, ಯಾವುದು ಬಿದ್ದಿದೆ ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ನಡೆದಾಡುವವರ ವಿಷಯದಲ್ಲಿ ಮಾತ್ರ ಅಂತಹ ಚಿತ್ರಗಳ ಮೌನವನ್ನು ಸಾಕ್ಷಿಯೆಂದು ಹಿಡಿಯಲಾಗದು.

ಗುಡಿಯಿಂದ ಮನೆಗೆ ಬಂದು ಪಡಸಾಲೆಯಲ್ಲಿ ಕ್ಯಾಮೆರಾವನ್ನು ಇಳಿಸಿದಾಗ ನನ್ನ ಎದುರಿಗೇ ಆ ಹಳೆಯ ಚಿತ್ರವು ತೂಗುತ್ತಿದ್ದಿತು. ನೂಲು ಹಿಡಿದಂತೆ ನೇರವಾದ ಸಾಲು. ತುದಿಯಲ್ಲಿ ಮುಖವಿಲ್ಲದ ಹುಡುಗಿ.

ಮರುವಾರ ಐವರು ವಿದ್ಯಾರ್ಥಿಗಳನ್ನು ಮನೆಗೆ ಕರೆದೆನು. ಅದೇ ಗೋಡೆಯ ಮುಂದೆ ಜಮಖಾನೆಯನ್ನು ಹಾಸಿ ಒಂದೇ ಸಾಲಿನಲ್ಲಿ ಕೂರಿಸಿದೆನು. ಬಲತುದಿಯಲ್ಲಿ, ಹುಡುಗಿ ನಿಂತ ಸ್ಥಳದಲ್ಲಿ, ಮನೆಯ ಒನಕೆಯೊಂದನ್ನು ಗೋಡೆಗೆ ಒರಗಿಸಿ, ಅದರ ಮೇಲ್ಗಡೆ ಕ್ಯಾಲೆಂಡರಿನ ಹಾಳೆಯೊಂದನ್ನು ಕಟ್ಟಿದೆನು. ಒನಕೆಯು ಮಿಸುಕಾಡುವ ಸ್ವಭಾವದ್ದೆಂದು ಯಾರೂ ಹೇಳಲಾರರು. ಮಸೂರವನ್ನು ಪೂರ್ತಿಯಾಗಿ ತೆರೆದು, ನಡುವೆ ಕುಳಿತವನ ಕಣ್ಣಿಗೆ ಸಂಗಮವನ್ನು ಹೊಂದಿಸಿ, ಪಡಸಾಲೆಯ ನೆರಳಿನ ಬೆಳಕಿನಲ್ಲಿ ಒಂದು ಸೆಕೆಂಡು ಮುಚ್ಚಳವನ್ನು ತೆಗೆದು ಮುಚ್ಚಿದೆನು. ನಡುವಿನವನ ಹುಬ್ಬಿನ ಕೂದಲು ಎಣಿಸುವಂತೆ ಬಂದುವು. ಒನಕೆಯು ಕಂಬಳಿಹುಳುವಿನಂತೆ ದಪ್ಪವಾಗಿ ಉಬ್ಬಿತ್ತು. ಕ್ಯಾಲೆಂಡರಿನ ಅಂಕಿಗಳು ಬೂದು ಕಲೆಯಾಗಿದ್ದುವು. ಎರಡನೆಯ ಸಲ ಒನಕೆಯನ್ನು ಗೋಡೆಯಿಂದ ತೆಗೆದು, ಸ್ಟೂಲಿಗೆ ಕಟ್ಟಿ, ಕ್ಯಾಮೆರಾದ ಕಡೆಗೆ ಒಂದು ಹೆಜ್ಜೆ ಮುಂದಕ್ಕೆ ನಿಲ್ಲಿಸಿದೆನು. ಬೇರೆ ಏನನ್ನೂ ಬದಲಿಸಲಿಲ್ಲ. ಅಂಕಿಗಳನ್ನು ಓದಬಹುದಾಯಿತು.

ಗುಂಪಿನ ಚಿತ್ರವನ್ನು ತೆಗೆಯುವಾಗ ಸಾಲನ್ನು ಅರ್ಧಚಂದ್ರಾಕಾರವಾಗಿ ಬಾಗಿಸಿ ಎರಡು ತುದಿಗಳನ್ನೂ ಮುಂದಕ್ಕೆ ತರಬೇಕೆಂಬುದು ಹಳೆಯ ಛಾಯಾಗ್ರಾಹಕರಿಗೆ ಗೊತ್ತಿದ್ದ ಕಟ್ಟಳೆ. ೧೯೧೭ರಲ್ಲಿ ನಮ್ಮ ಮನೆಗೆ ಬಂದವನಿಗೆ ಅದು ಗೊತ್ತಿರಲಿಲ್ಲವೋ, ಪಡಸಾಲೆಯ ಅಗಲ ಸಾಲಲಿಲ್ಲವೋ, ಸಂಜೆಯಾಗುತ್ತಿದ್ದುದರಿಂದ ಆತುರವಿದ್ದಿತೋ. ಸಣ್ಣ ತೂತಿನ ತಗಡನ್ನು ಇಳಿಸಿದ್ದರೂ ಆಗುತ್ತಿದ್ದಿತು. ಆದರೆ ಆಗ ನಾಲ್ಕು ವರ್ಷದ ಅಜ್ಜನನ್ನು ಹತ್ತಾರು ಸೆಕೆಂಡು ಅಲುಗದಂತೆ ಕೂರಿಸಬೇಕಾಗುತ್ತಿದ್ದಿತು. ಮನೆಯ ಗಂಡುಮಗುವನ್ನು ನಡುವೆ ಕೂರಿಸಿ, ಹೆಣ್ಣುಮಗುವನ್ನು ತುದಿಗೆ ನಿಲ್ಲಿಸಿದವನು ಮಾತ್ರ ಅವನಲ್ಲವೆಂದು ತೋರುವುದು.

ಮಸೂರದ ಪ್ರಯೋಗವೊಂದರಿಂದಲೇ ಹುಡುಗಿಯು ಅಲುಗಲಿಲ್ಲವೆಂದು ಹೇಳಲಾಗದು. ಚಿತ್ರವನ್ನೇ ಕೇಳಬೇಕು. ಕಟ್ಟನ್ನು ಬಿಚ್ಚಿ, ಭೂತಗನ್ನಡಿಯಿಂದ ಅಂಗುಲ ಅಂಗುಲವಾಗಿ ನೋಡಿದೆನು. ತಲೆಯನ್ನು ಅಲುಗಿಸಿದವರ ಚಿತ್ರದಲ್ಲಿ ತಲೆಯು ಕದಡಿ, ನೆಲಕ್ಕೆ ಊರಿದ ಪಾದಗಳು ತಿಳಿಯಾಗಿರುವುವು. ಹಿಂದಿನ ಗೋಡೆಯಂತೂ ತಿಳಿಯಾಗಿಯೇ ಇರಬೇಕು. ಇಲ್ಲಿ ಹುಡುಗಿಯ ಪಾದಗಳೂ, ಪರಕರದ ಅಂಚೂ, ಆಕೆಯ ಬೆನ್ನ ಹಿಂದಿನ ಗೂಡಿನ ಕಟ್ಟೂ, ಮುಖವು ಎಷ್ಟು ಕದಡಿದೆಯೋ ಅಷ್ಟೇ ಕದಡಿವೆ. ಕದಡಿದ ಬಗೆಯೂ ಒಂದೇ: ಒಂದೊಂದು ಚುಕ್ಕೆಯೂ ಚಿತ್ರದ ನಡುವನ್ನು ಸುತ್ತುವ ಬಳೆಯ ತುಂಡಿನಂತೆ ಎಳೆದಿದೆ, ಕಾಲೇಜಿನ ಗೋಡೆಯ ಇಟ್ಟಿಗೆಗಳಂತೆ. ಎಡತುದಿಗೆ ನೋಡಿದೆನು. ಅಲ್ಲಿ ಮಣೆಯ ಮೇಲೆ ಒಂದು ತಂಬಿಗೆಯಿದೆ. ಅದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ತಂಬಿಗೆಗೂ ಬಾಯಿಯಿಲ್ಲ, ಕಂಠವಿಲ್ಲ. ಹುಡುಗಿಯ ಮುಖದಷ್ಟೇ ಬೂದುಬಣ್ಣದ ಕಲೆ.

ಎರಡು ಒನಕೆಯ ಚಿತ್ರಗಳನ್ನೂ ಹಳೆಯ ಚಿತ್ರವನ್ನೂ ಸೋದರತ್ತೆಯವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆನು. ಅವರಿಗೆ ಎಂಬತ್ತು ದಾಟಿದೆ. ಬಾಗಿದ ಬಿಂಬ ಚಪ್ಪಟೆ ಪ್ಲೇಟುಗಳ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಂಬಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಹಂಗಾರ ಆಕಿ ಸುಮ್ಮನ ನಿಂತಿದ್ದಳು ಅನ್ನು, ತಮ್ಮಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದೆಯೇ, ಆಕೆಯ ಹೆಸರನ್ನು ಹೇಳಿದರು. ಅದನ್ನು ನಾನು ಆವರೆಗೆ ಕೇಳಿರಲಿಲ್ಲ.

ಕಟ್ಟನ್ನು ಮತ್ತೆ ಹಾಕಿಸುವ ಮೊದಲು ಆ ಹೆಸರನ್ನು ಚಿತ್ರದ ಹಿಂಬದಿಯ ರಟ್ಟಿನ ಮೇಲೆ, ಅಂಚಿಗೆ ಹೊಂದಿ, ಮೆತ್ತನೆಯ ಪೆನ್ಸಿಲ್ಲಿನಿಂದ ಬರೆದೆನು. ಹಳೆಯ ಛಾಯಾಚಿತ್ರಗಳ ಹಿಂದೆ ಶಾಯಿಯಿಂದ ಬರೆಯಬಾರದು. ಅದು ಕಾಲಕ್ರಮದಲ್ಲಿ ಇಳಿದು ಮುಂದಿನ ಮೈಗೆ ಕಾಣಿಸಿಕೊಳ್ಳುವುದು.